ಬೆಟ್ಟ ದಾಟಿದೆವೆಂಬ ಭ್ರಮೆ: ಭಾಭಾ ವಿಮಾನ ದುರಂತಕ್ಕೆ ಕಾರಣವೇನು?

ಚಿತ್ರದುರ್ಗ: ಮಳೆಗಾಲದ ಮುಂಜಾನೆ ಜೋಗಿಮಟ್ಟಿಯ ನೆತ್ತಿ ಮೋಡದಲ್ಲಿ ಮರೆಯಾಗುವುದು ದುರ್ಗದ ಜನರಿಗೆ ಪರಿಚಿತ ನೋಟ. ಕೆಳಗೆ ನಿಂತವರಿಗೆ ಬೆಟ್ಟ ಎಲ್ಲಿದೆಯೆಂಬುದು ಗೊತ್ತು. ಆದರೆ ಮೋಡದೊಳಗೆ ಸಾಗುವ ವಿಮಾನ ಚಾಲಕನಿಗೆ ಉಪಕರಣಗಳೇ ಕಣ್ಣು. ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1966ರ ಜನವರಿ 24ರ ಏರ್ ಇಂಡಿಯಾ ದುರಂತವೇ ಸಾಕ್ಷಿ.

ಮುಂಬೈನಿಂದ ಲಂಡನ್ನಿಗೆ ಹೊರಟಿದ್ದ ‘ಕಾಂಚನಜುಂಗಾ’ ಹೆಸರಿನ ಬೋಯಿಂಗ್ 707 ವಿಮಾನ ಜಿನೀವಾದಲ್ಲಿ ಇಳಿಯಬೇಕಿತ್ತು. ಅದಕ್ಕೆ ಮೊದಲೇ ಆಲ್ಪ್ಸ್ ಪರ್ವತಶ್ರೇಣಿಯ ಮಾಂಟ್ ಬ್ಲಾಂಕ್‌ಗೆ ಅಪ್ಪಳಿಸಿ 117 ಮಂದಿ ಮೃತಪಟ್ಟರು. ಅವರಲ್ಲಿ ವಿಯೆನ್ನಾಕ್ಕೆ ಹೊರಟಿದ್ದ ಅಣುವಿಜ್ಞಾನಿ ಹೋಮಿ ಭಾಭಾ ಒಬ್ಬರು.

ಭಾಭಾ 1939ರಿಂದ ಕೆಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. ಆ ಸಂಸ್ಥೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು 1,500 ಎಕರೆಯ ಆವರಣವಿದೆ. ಭಾಭಾ ಹೆಸರಿನ ಅಣು ಸಂಶೋಧನಾ ಕೇಂದ್ರಕ್ಕೂ ಇದೇ ತಾಲ್ಲೂಕಿನಲ್ಲಿ ಜಮೀನು ನೀಡಲಾಗಿದೆ.

ಸಾವಿನ ಹಿಂದೆ ಪಿತೂರಿಯಿತ್ತೆಂಬ ವದಂತಿ ಇಂದಿಗೂ ನಿಂತಿಲ್ಲ. ಫ್ರಾನ್ಸಿನ ತನಿಖೆ ಕಂಡುಕೊಂಡ ಕಾರಣವೇ ಬೇರೆ. ದಿಕ್ಕು ತಿಳಿಸುವ ರೇಡಿಯೊ ಉಪಕರಣಗಳಲ್ಲಿ ಒಂದು ಬೈರೂತ್ ಬಿಡುವಾಗಲೇ ಕೆಟ್ಟಿತ್ತು. ಹೀಗಾಗಿ ಚಾಲಕ ತಾನಿರುವ ಸ್ಥಳವನ್ನು ತಪ್ಪಾಗಿ ಎಣಿಸಿದರು. ರೇಡಾರ್ ನಿಯಂತ್ರಕರು ತಪ್ಪನ್ನು ಗುರುತಿಸಿ ಸೂಚನೆಯನ್ನೂ ನೀಡಿದರು. ಆದರೆ ಮಾತಿನಲ್ಲಿ ಸಾಕಷ್ಟು ಖಚಿತತೆ ಇರಲಿಲ್ಲ. ಶಿಖರವನ್ನು ದಾಟಿಯಾಯಿತೆಂದು ಭಾವಿಸಿದ ಚಾಲಕ ವಿಮಾನವನ್ನು ಇಳಿಸುತ್ತಲೇ ಹೋದರು.

ಹೀಗೆ ಚಾಲಕನ ಹತೋಟಿಯಲ್ಲಿರುವಾಗಲೇ ವಿಮಾನ ಬೆಟ್ಟಕ್ಕೋ ನೆಲಕ್ಕೋ ಬಡಿಯುವುದು ವೈಮಾನಿಕ ಕ್ಷೇತ್ರದ ಹಳೆಯ ಪಿಡುಗು. 1950ರ ನವೆಂಬರ್ 3ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಇದೇ ಪರ್ವತಕ್ಕೆ ಬಡಿದು 48 ಮಂದಿ ಸತ್ತಿದ್ದರು. 1991ರ ಆಗಸ್ಟ್ 16ರಂದು ಇಂಫಾಲದ ಬಳಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 69 ಮಂದಿ ಪ್ರಾಣ ಕಳೆದುಕೊಂಡರು.

1970ರ ದಶಕದಲ್ಲಿ ಬಳಕೆಗೆ ಬಂದ ಎಚ್ಚರಿಕೆ ಸಾಧನ ವಿಮಾನದ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು. ಎದುರಿನ ಕಡಿದಾದ ಬೆಟ್ಟ ಅದಕ್ಕೆ ತಿಳಿಯುತ್ತಿರಲಿಲ್ಲ. 1990ರ ದಶಕದ ಸುಧಾರಿತ ಸಾಧನವು ಭೂಪ್ರದೇಶದ ನಕ್ಷೆಯನ್ನು ತನ್ನೊಳಗಿಟ್ಟುಕೊಂಡು, ವಿಮಾನದ ಸ್ಥಾನದೊಡನೆ ತಾಳೆ ನೋಡಿ, ಮುಂದಿರುವ ಬೆಟ್ಟದ ಬಗ್ಗೆ ಮೊದಲೇ ಎಚ್ಚರಿಸುತ್ತದೆ. ಇದರಿಂದ ಇಂತಹ ದುರಂತಗಳು ಬಹಳಷ್ಟು ತಗ್ಗಿವೆ.

ಆದರೂ ಎಚ್ಚರಿಕೆ ಕೇಳಿದೊಡನೆ ವಿಮಾನವನ್ನು ಮೇಲೇರಿಸಬೇಕಾದವನು ಚಾಲಕನೇ. ಅಂದು ಮಾಂಟ್ ಬ್ಲಾಂಕ್ ಬಳಿ ಎಚ್ಚರಿಕೆಯ ಮಾತು ತಲುಪಿತ್ತು, ಅದರ ಅರ್ಥ ತಲುಪಲಿಲ್ಲ.