ಮೂತ್ರದಲ್ಲಿ ರಕ್ತ: ಉದಾಸೀನ ಸಲ್ಲದು

ದಂಪತಿಗಳೇ, ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಾಣಿಸಿಕೊಂಡು ತಾನಾಗಿಯೇ ನಿಂತರೆ, ಅದನ್ನು ದೇಹದ ಉಷ್ಣವೆಂದು ಭಾವಿಸಿ ಸುಮ್ಮನಿರಬೇಡಿ. ಮೂತ್ರಕೋಶದ ಕ್ಯಾನ್ಸರಿನ ಮೊದಲ ಚಿಹ್ನೆ ಬಹುಮಟ್ಟಿಗೆ ಇದೇ ಆಗಿರುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ವಿಷವಸ್ತುಗಳು ರಕ್ತದಿಂದ ಮೂತ್ರಕ್ಕೆ ಸೇರಿ ಈ ಕೋಶದ ಒಳಪದರವನ್ನು ಕೆಡಿಸುತ್ತವೆ.

ರೋಗವನ್ನು ಪತ್ತೆಮಾಡಲು ವೈದ್ಯರು ದೀಪವಿರುವ ತೆಳುವಾದ ನಳಿಕೆಯನ್ನು ಮೂತ್ರದ್ವಾರದ ಮೂಲಕ ಸೇರಿಸಿ ಮೂತ್ರಕೋಶದ ಒಳಭಾಗವನ್ನು ನೋಡುತ್ತಾರೆ. ಇದೇ ಸಿಸ್ಟೋಸ್ಕೋಪಿ. ಆದರೆ ಚಪ್ಪಟೆಯಾಗಿ ಹರಡಿದ ಕ್ಯಾನ್ಸರ್ ಸಾಮಾನ್ಯ ಬೆಳಕಿನಲ್ಲಿ ಕಣ್ತಪ್ಪಬಹುದು. ಇದಕ್ಕಾಗಿ ನೀಲಿ ಬೆಳಕಿನ ವಿಧಾನವೊಂದಿದೆ. ಪರೀಕ್ಷೆಗೆ ಸುಮಾರು 1 ಗಂಟೆ ಮೊದಲು ಮೂತ್ರಕೋಶಕ್ಕೆ ಔಷಧದ ದ್ರವವನ್ನು ತುಂಬುತ್ತಾರೆ. ಕ್ಯಾನ್ಸರ್ ಜೀವಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಂಡು, ನೀಲಿ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತವೆ. ಪೈರಿನ ನಡುವಿನ ಕಳೆಯಂತೆ ಬೇರೆಯಾಗಿ ಕಾಣುತ್ತವೆ. ಉರಿಯೂತವಾದ ಭಾಗವೂ ಹೊಳೆಯಬಹುದಾದ್ದರಿಂದ, ಅಲ್ಲಿಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ರೋಗವನ್ನು ನಿರ್ಧರಿಸುತ್ತಾರೆ.

ಬೆಂಗಳೂರಿನ ಚಾಮರಾಜಪೇಟೆಗೆ ಸಮೀಪದಲ್ಲಿ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಮೂತ್ರರೋಗಗಳ ಚಿಕಿತ್ಸೆಗೆಂದೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಅವರು ತಿಳಿಸುವರು.

ಸಂಕೋಚದಿಂದ ಪತಿಯು ಮರೆಮಾಚದಿರಲಿ. ಮುಟ್ಟಿನ ರಕ್ತವಿರಬಹುದೆಂದು ಪತ್ನಿಯು ಕಡೆಗಣಿಸದಿರಲಿ. ಒಬ್ಬರಿಗೊಬ್ಬರು ತಿಳಿಸಿ, ಜೊತೆಯಾಗಿ ಬನ್ನಿ. ಬೇಗ ಪತ್ತೆಯಾದರೆ ಮೂತ್ರಕೋಶವನ್ನು ಉಳಿಸಿಯೇ ಚಿಕಿತ್ಸೆ ನೀಡುವುದು ಬಹುತೇಕ ಸಾಧ್ಯ.