ಫೋನ್ ತಯಾರಕ ಕೈಬಿಟ್ಟರೆ ಗ್ರಾಹಕನ ಗತಿಯೇನು?

ಬಡಗಿಯಿಂದ ಮರದ ಕುರ್ಚಿಯೊಂದನ್ನು ಕೊಂಡವನು, ಆ ಬಡಗಿ ಮರುವರ್ಷವೇ ಅಂಗಡಿ ಮುಚ್ಚಿದನೆಂದು ಚಿಂತಿಸಬೇಕಾಗಿಲ್ಲ. ಕುರ್ಚಿ ಕುರ್ಚಿಯಾಗಿಯೇ ಉಳಿಯುತ್ತದೆ. ಆದರೆ ಮೊಬೈಲ್ ಫೋನಿನ ಸಂಗತಿ ಬೇರೆ. ಫೋನ್ ಕೊಳ್ಳುವವನು ಒಂದು ವಸ್ತುವನ್ನಷ್ಟೇ ಅಲ್ಲ, ಮುಂದಿನ ಕೆಲವು ವರ್ಷಗಳ ಭರವಸೆಯನ್ನೂ ಕೊಳ್ಳುತ್ತಾನೆ. ದುರಸ್ತಿ, ಬ್ಯಾಟರಿ, ಬಿಡಿಭಾಗ, ತಂತ್ರಾಂಶದ ಪರಿಷ್ಕರಣೆ ಇವೆಲ್ಲವೂ ಆ ಭರವಸೆಯ ಅಂಗಗಳು. ಆದ್ದರಿಂದಲೇ ಒಂದು ಫೋನ್ ಕಂಪನಿ ನಷ್ಟದಲ್ಲಿದೆ ಎಂಬ ಸುದ್ದಿ ಬಂದಾಗ ಷೇರುದಾರನಷ್ಟೇ ಗ್ರಾಹಕನೂ ಕಳವಳಗೊಳ್ಳುವುದು ಸಹಜ. ಈ ಕಳವಳದಲ್ಲಿ ಎಷ್ಟು ಪಾಲು ನ್ಯಾಯವಾದದ್ದು, ಎಷ್ಟು ಅನಗತ್ಯವಾದದ್ದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಹಿಂದಿನ ತಲೆಮಾರಿಗೆ ಈ ಚಿಂತೆ ಇರಲಿಲ್ಲ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ದೇಶದ ಮನೆಮನೆಗೆ ಕಪ್ಪು ಡಯಲ್ ಫೋನುಗಳನ್ನು ಮಾಡಿಕೊಟ್ಟಿತು. ಆ ಉದ್ದಿಮೆಯಿಂದಾಗಿಯೇ ಅಲ್ಲಿನ ಒಂದು ಬಡಾವಣೆಗೆ ದೂರವಾಣಿನಗರ ಎಂಬ ಹೆಸರು ಬಂದಿತು. ಆದರೆ ಆ ಫೋನು ಚಂದಾದಾರನ ಸ್ವತ್ತಾಗಿರಲಿಲ್ಲ, ಇಲಾಖೆಯ ಸ್ವತ್ತಾಗಿತ್ತು. ಕೆಟ್ಟರೆ ಲೈನ್‌ಮನ್ ಬಂದು ಸರಿಪಡಿಸಬೇಕಿತ್ತು. ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯುವುದೇ ಅಂದಿನ ಗ್ರಾಹಕನ ಕಷ್ಟ. ಫೋನು ನಮ್ಮದೇ ಸ್ವತ್ತಾದ ಮೇಲೆ ಕಾಯುವ ಕಷ್ಟ ತಪ್ಪಿತು, ತಯಾರಕನ ಭವಿಷ್ಯದ ಚಿಂತೆ ಗಂಟುಬಿದ್ದಿತು.

ಇದಕ್ಕೆ ನಮ್ಮ ಪುಣೆ ಜಿಲ್ಲೆಯಲ್ಲಿಯೇ ಒಂದು ಉದಾಹರಣೆಯಿದೆ. ದೇಹೂ ರೋಡ್‌ನಲ್ಲಿರುವ ನಮಗೆ ಚಾಕಣ, ತಳೇಗಾಂವಗಳ ಕಾರ್ಖಾನೆಗಳು ಹತ್ತಿರದವು. ನಗರದ ಆಚೆಯ ಬದಿಯಲ್ಲಿ, ಅಹಿಲ್ಯಾನಗರದ ಹೆದ್ದಾರಿಯಲ್ಲಿರುವ ರಾಂಜಣಗಾಂವ ಗಣಪತಿಯ ದರ್ಶನಕ್ಕೆ ಹೋದವರು ಅಲ್ಲಿನ ಎಲ್‌ಜಿ ಕಂಪನಿಯ ಕಾರ್ಖಾನೆಯನ್ನು ಕಂಡಿರಬಹುದು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಮೊಬೈಲ್ ಹ್ಯಾಂಡ್‌ಸೆಟ್‌ಗಳೂ ತಯಾರಾಗುತ್ತಿದ್ದವು. 2009ರ ಸುಮಾರಿಗೆ ನೋಕಿಯಾ, ಸ್ಯಾಮ್‌ಸಂಗ್‌ಗಳ ನಂತರ ಜಗತ್ತಿನ ಮೂರನೆಯ ದೊಡ್ಡ ಫೋನ್ ತಯಾರಕ ಎಂಬ ಸ್ಥಾನ ಎಲ್‌ಜಿಯದಾಗಿತ್ತು.

ಮುಂದೆ ಸ್ಮಾರ್ಟ್‌ಫೋನುಗಳ ಪೈಪೋಟಿಯಲ್ಲಿ ಈ ವಿಭಾಗ ಹಿಂದೆ ಬಿದ್ದಿತು. 2015ರಿಂದ ಸತತವಾಗಿ 23 ತ್ರೈಮಾಸಿಕಗಳಲ್ಲಿ ನಷ್ಟ ಅನುಭವಿಸಿತು. ಒಟ್ಟು ನಷ್ಟ ಸುಮಾರು 450 ಕೋಟಿ ಡಾಲರ್. ಕೊನೆಗೆ 2021ರ ಏಪ್ರಿಲ್ 5ರಂದು ಮೊಬೈಲ್ ವ್ಯವಹಾರವನ್ನೇ ತೊರೆಯುವುದಾಗಿ ಕಂಪನಿ ಘೋಷಿಸಿತು. ಅದರ ಹಿಂದಿನ ಅಕ್ಟೋಬರ್‌ನಲ್ಲಿ 69,990 ರೂಪಾಯಿಗೆ ಭಾರತದಲ್ಲಿ ಬಿಡುಗಡೆಯಾಗಿದ್ದ ಎಲ್‌ಜಿ ವಿಂಗ್ ಎಂಬ ಎರಡು ಪರದೆಗಳ ಫೋನು, ಘೋಷಣೆಯಾದ ಕೆಲವೇ ದಿನಗಳಲ್ಲಿ 29,999ಕ್ಕೆ ಮಾರಾಟಕ್ಕೆ ಬಂದಿತು. ಮೊದಲು ಕೊಂಡವರಿಗೆ ಸಂಕಟ, ಆಮೇಲೆ ಕೊಂಡವರಿಗೆ ಸಂದೇಹ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಎಲ್‌ಜಿ ಮುಳುಗಲಿಲ್ಲ. ಅದರ ಫ್ರಿಜ್, ಟಿವಿ, ವಾಷಿಂಗ್ ಮಷಿನ್‌ಗಳ ವ್ಯಾಪಾರ ಮುಂದುವರಿಯಿತು. ಅದರ ಭಾರತೀಯ ಶಾಖೆಯ ಷೇರುಗಳು 2025ರ ಅಕ್ಟೋಬರ್‌ನಲ್ಲಿ ನಮ್ಮ ಷೇರು ವಿನಿಮಯ ಕೇಂದ್ರಗಳಿಗೂ ಬಂದವು. ಅಂದರೆ ಕಂಪನಿ ದೊಡ್ಡದು, ಗಟ್ಟಿಮುಟ್ಟಾದದ್ದು ಎಂಬುದು ಫೋನಿನ ಭವಿಷ್ಯಕ್ಕೆ ಖಾತರಿಯಲ್ಲ. ಕುಟುಂಬ ಸಂಪನ್ನವಾಗಿದ್ದರೂ ನಷ್ಟದ ಹೊಲವನ್ನು ಬೀಳುಬಿಡಬಹುದು.

ಹಾಗೆಯೇ ಹೆಸರು ಉಳಿದ ಮಾತ್ರಕ್ಕೆ ಹೊಣೆ ಉಳಿಯುತ್ತದೆ ಎನ್ನುವಂತಿಲ್ಲ. 2014ರಲ್ಲಿ ನೋಕಿಯಾದ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು. ಆ ವ್ಯವಹಾರದಿಂದ ಹೊರಗುಳಿದ ಚೆನ್ನೈ ಬಳಿಯ ಶ್ರೀಪೆರಂಬದೂರು ಕಾರ್ಖಾನೆ ಅದೇ ವರ್ಷದ ನವೆಂಬರ್ 1ರಿಂದ ಸ್ತಬ್ಧವಾಯಿತು. ಬಳಿಕ ಅದೇ ಹೆಸರಿನ ಫೋನುಗಳು ಎಚ್‌ಎಂಡಿ ಎಂಬ ಬೇರೆ ಕಂಪನಿಯಿಂದ ಬಂದವು. ಬ್ಲ್ಯಾಕ್‌ಬೆರಿಯ ಕಥೆ ಇನ್ನೂ ಕಠಿಣ. ಅದರ ಸ್ವಂತ ತಂತ್ರಾಂಶದ ಹಳೆಯ ಫೋನುಗಳಿಗೆ 2022ರ ಜನವರಿ 4ರಿಂದ ಸೇವೆ ನಿಂತಿತು. ಕರೆ, ಸಂದೇಶಗಳಿಗೂ ಖಾತರಿಯಿಲ್ಲವೆಂದು ಕಂಪನಿಯೇ ತಿಳಿಸಿತು.

ಇವುಗಳಿಗೆ ಹೋಲಿಸಿದರೆ ಎಲ್‌ಜಿ ಬಾಗಿಲು ಮುಚ್ಚಿದ ರೀತಿ ಮೆಚ್ಚತಕ್ಕದ್ದೇ. ತನ್ನ ದುಬಾರಿ ಮಾದರಿಗಳಿಗೆ ಕೊಂಡ ವರ್ಷದಿಂದ ಮೂರು ಆಂಡ್ರಾಯ್ಡ್ ಪರಿಷ್ಕರಣೆಗಳವರೆಗೆ ನೀಡುವುದಾಗಿ ಅದು ಮಾತು ಕೊಟ್ಟಿತು. ತಂತ್ರಾಂಶ ಒದಗಿಸುವ ಸೇವೆಯನ್ನು 2025ರ ಜೂನ್ 30ರಂದು ಕೊನೆಗೊಳಿಸುವುದಾಗಿ ತಿಳಿಸಿ, ಅಂತೆಯೇ ಮಾಡಿತು. ಗ್ರಾಹಕನಿಗೆ ಬೇಕಾದದ್ದು ಇಂತಹ ಸ್ಪಷ್ಟ ದಿನಾಂಕ. ಸದ್ದಿಲ್ಲದೆ ಮಾರುಕಟ್ಟೆಯಿಂದ ಮರೆಯಾಗುವ ತಯಾರಕನಿಂದಲೇ ಹೆಚ್ಚಿನ ತೊಂದರೆ.

ತೊಂದರೆ ಎಂದರೆ ಏನು? ಫೋನು ಅಂದೇ ನಿಂತುಹೋಗುವುದಿಲ್ಲ. ಸಿಮ್ ಕಾರ್ಡು ಮತ್ತು ನಂಬರು ದೂರಸಂಪರ್ಕ ಸಂಸ್ಥೆಗೆ ಸೇರಿದವು, ಅವುಗಳಿಗೆ ಬಾಧೆಯಿಲ್ಲ. ಆದರೆ ಭದ್ರತಾ ಪರಿಷ್ಕರಣೆ ನಿಂತ ಫೋನಿನಲ್ಲಿ ಹೊಸದಾಗಿ ಪತ್ತೆಯಾದ ದೋಷಗಳು ತೆರೆದ ಕಿಟಕಿಗಳಂತೆ ಉಳಿಯುತ್ತವೆ. ಕಾಲಕ್ರಮದಲ್ಲಿ ಬ್ಯಾಂಕುಗಳ ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್ ಆವೃತ್ತಿಗಳನ್ನು ಕೈಬಿಡುತ್ತವೆ. ಇದು ಬ್ಯಾಂಕಿನ ಮೊಂಡುತನವಲ್ಲ, ಠೇವಣಿದಾರನ ಹಣದ ರಕ್ಷಣೆಗೆ ಅನಿವಾರ್ಯವಾದ ಕ್ರಮ ಎಂಬುದನ್ನು ಕೌಂಟರಿನ ಈಚೆ ಕುಳಿತು ಕೆಲಸ ಮಾಡುವ ನಾನು ಹೇಳಬಲ್ಲೆ. ದೇಹೂ ರೋಡ್‌ನಂತಹ ದಂಡು ಪ್ರದೇಶದಲ್ಲಿ ನಿವೃತ್ತ ಸೈನಿಕರೂ ರಕ್ಷಣಾ ಇಲಾಖೆಯ ನಿವೃತ್ತ ನೌಕರರೂ ಬಹಳ ಮಂದಿ. 2021ರ ನವೆಂಬರ್‌ನಿಂದ ಪಿಂಚಣಿದಾರರು ಮುಖಚಹರೆಯ ಮೂಲಕ ಫೋನಿನಲ್ಲಿಯೇ ಜೀವನ ಪ್ರಮಾಣಪತ್ರ ಸಲ್ಲಿಸುವ ಅನುಕೂಲ ಬಂದಿದೆ. ಫೋನು ತೀರಾ ಹಳೆಯದಾದರೆ ಈ ಅನುಕೂಲವೂ ಕೈತಪ್ಪುತ್ತದೆ. ಮಕ್ಕಳು ಬಳಸಿ ಬಿಟ್ಟ ಫೋನನ್ನು ಹಿರಿಯರಿಗೆ ದಾಟಿಸುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ತಯಾರಕ ಸೋಲುತ್ತಿದ್ದಾನೆ ಎಂಬುದಕ್ಕೆ ಕೆಲವು ಸೂಚನೆಗಳು ಮೊದಲೇ ಕಾಣಿಸಬಹುದು. ಊರಿನ ಸೇವಾ ಕೇಂದ್ರಗಳು ಒಂದೊಂದಾಗಿ ಮುಚ್ಚುತ್ತವೆ, ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಹೊಸ ಮಾದರಿಗಳು ವಿರಳವಾಗುತ್ತವೆ, ಬೆಲೆ ಹಠಾತ್ತನೆ ಇಳಿಯುತ್ತದೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ನಮ್ಮ ಕೈಯಲ್ಲಿಯೇ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಭದ್ರತಾ ಅಪ್‌ಡೇಟ್‌ನ ದಿನಾಂಕ ಇರುತ್ತದೆ. ಅದು ವರ್ಷಕ್ಕಿಂತ ಹಳೆಯದಾಗಿದ್ದರೆ ತಯಾರಕ ಆ ಮಾದರಿಯನ್ನು ಮರೆತಿದ್ದಾನೆಂದೇ ತಿಳಿಯಬೇಕು.

ಕಾನೂನು ಏನು ಹೇಳುತ್ತದೆ? ವಾರಂಟಿ ಅವಧಿಯಲ್ಲಿ ದೋಷ ಕಂಡರೆ, ಉತ್ಪಾದನೆ ನಿಲ್ಲಿಸಿದ್ದೇವೆ ಎಂಬ ಕಾರಣ ನೀಡಿ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ಆದರೆ ವಾರಂಟಿ ಮುಗಿದ ಮೇಲಿನ ವರ್ಷಗಳಿಗೆ ಇಷ್ಟು ಗಟ್ಟಿಯಾದ ಆಸರೆಯಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದು, ತಯಾರಕರು ದುರಸ್ತಿಯ ವಿವರಗಳನ್ನು ಅಲ್ಲಿ ನೀಡುವಂತೆ ಮಾಡಿದೆ. ಯುರೋಪಿನ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ, ಮಾದರಿಯೊಂದರ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳನ್ನು 7 ವರ್ಷ, ತಂತ್ರಾಂಶದ ಪರಿಷ್ಕರಣೆಗಳನ್ನು ಕನಿಷ್ಠ 5 ವರ್ಷ ಒದಗಿಸಬೇಕೆಂಬ ನಿಯಮ ಜಾರಿಯಲ್ಲಿದೆ. ಇಂತಹ ನಿಯಮ ನಮ್ಮಲ್ಲಿಯೂ ಬರಬೇಕೆಂದು ಗ್ರಾಹಕರು ಒತ್ತಾಯಿಸುವುದು ಯೋಗ್ಯ.

ಅಲ್ಲಿಯವರೆಗೆ ಎಚ್ಚರಿಕೆಯೇ ನಮ್ಮ ರಕ್ಷಣೆ. ಫೋನ್ ಕೊಳ್ಳುವಾಗ ಕ್ಯಾಮೆರಾದ ಗುಣವನ್ನು ಕೇಳುವಷ್ಟೇ ಆಸಕ್ತಿಯಿಂದ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ, ಪಿಂಪ್ರಿ-ಚಿಂಚವಡದಲ್ಲಿ ಸೇವಾ ಕೇಂದ್ರ ಎಲ್ಲಿದೆ ಎಂದು ಕೇಳೋಣ. ರಸೀದಿಯನ್ನು ಜೋಪಾನವಾಗಿಡೋಣ. ಮನೆಮಂದಿಯ ಭಾವಚಿತ್ರಗಳನ್ನೂ ನಂಬರುಗಳನ್ನೂ ಫೋನಿನ ಹೊರಗೆ ಇನ್ನೊಂದು ಕಡೆ ಉಳಿಸಿಕೊಳ್ಳೋಣ. ತಯಾರಕ ಕೈಬಿಟ್ಟ ಫೋನನ್ನು ಮಾತಿಗೆ, ಹಾಡಿಗೆ ಧಾರಾಳವಾಗಿ ಬಳಸಬಹುದು. ಹಣದ ವ್ಯವಹಾರವನ್ನು ಮಾತ್ರ ಸಕಾಲದಲ್ಲಿ ಬೇರೆ ಫೋನಿಗೆ ವರ್ಗಾಯಿಸುವುದು ಲೇಸು. ಕಂಪನಿಯ ಏಳುಬೀಳು ನಮ್ಮ ಕೈಯಲ್ಲಿಲ್ಲ, ನಮ್ಮ ಹಣ ಮತ್ತು ನೆನಪುಗಳ ಕಾವಲು ನಮ್ಮ ಕೈಯಲ್ಲಿಯೇ ಇದೆ.