ಮೂರು ರಾಜ್ಯ, ಎರಡು ಘಾಟಿ, ಒಂದು ಬೈಕು

ಬಂಗಾರಪೇಟೆಯ ಬೈಕ್ ಹುಡುಗರಿಗೆಲ್ಲ ಲಡಾಖಿನ ಕನಸು. 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಗಾಳಿ ತೆಳು. ಕಾರ್ಬ್ಯುರೇಟರ್ ಬೈಕಿಗೂ ಏದುಸಿರು. ನಮ್ಮ ಕೆಜಿಎಫ್‌ನದು ಉಲ್ಟಾ ಲೆಕ್ಕ: ಅಪ್ಪ ಇಳಿಯುತ್ತಿದ್ದ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿ.ಮೀ.ಗೂ ಮಿಕ್ಕಿ ಆಳ, ಇಳಿದಷ್ಟೂ ಬಂಡೆ ಬಿಸಿ.

ನನಗೆ ಒಂದು ದಿನದ ಸುತ್ತೇ ಸಾಕು. ಗಣಿಯ ಸೈನೈಡ್ ದಿಬ್ಬ ಬಿಟ್ಟು, ಬೇತಮಂಗಲದಲ್ಲಿ ಪಾಲಾರ್ ಕೆರೆ ನೋಡಿ ವಿ.ಕೋಟೆ ದಾಟಿದರೆ ಪೇರ್ಣಾಂಬಟ್ಟಿನ ಘಾಟಿ. ಪ್ರಸ್ಥಭೂಮಿ ಅಲ್ಲಿಗೆ ಮುಗಿಯುತ್ತದೆ. ಎರಡನೇ ಗೇರಲ್ಲೇ ಇಳಿಯಿರಿ. ಬ್ರೇಕ್ ಒತ್ತಿಯೇ ಇದ್ದರೆ ಕಾದು ಹಿಡಿತ ಹೋಗುತ್ತದೆ. ಆಂಬೂರಿನ ಬಿರಿಯಾನಿ ತಪ್ಪಿಸಬೇಡಿ (ನಿದ್ದೆ ಬಂದರೆ ನನ್ನನ್ನು ದೂರಬೇಡಿ). ನಾಟ್ರಂಪಳ್ಳಿಯಿಂದ ಕುಪ್ಪಂಗೆ ಮತ್ತೆ ಏರು. ವಾಪಸ್ ಬರುವಾಗ ಕಾಮಸಮುದ್ರದ ಕಡೆ ಆನೆಗಳು ಓಡಾಡುತ್ತವೆ, ಬೆಳಕಿರುವಾಗಲೇ ದಾಟಿ.